ದೆವ್ವದ ಬಾಯಿ ತುಂಬಿಸಿದ ಕಥೆ

"ಈ ಸಲ ನೋಡ್ತಿರು. ನೀನಾಗಿ ನೀನೇ ಬಂದು ಸೋಫಾ ಮೇಲೆ ಕೂತು, ಹದಿನಾರು ಕಂತೂ ನೋಡಿ, ಚೆನ್ನಾಗಿ ಬರೆದಿದ್ದೀರಿ ಅಂತ ಬಾಯಿ ಬಿಟ್ಟು ಹೇಳದೇ ಇದ್ರೆ ನಾನು ಈ ಕಸುಬನ್ನೇ ಬಿಟ್ಟುಬಿಡ್ತೀನಿ."

ತುಟಿ ಮೇಷ್ಟ್ರು ಬೆಳಗಿನ ಚಹಾದ ಲೋಟದ ಮುಂದೆ ಕೂತು ಇಂಥದೊಂದು ಘೋರ ಪ್ರತಿಜ್ಞೆ ಮಾಡಿದಾಗ ಅವರ ಹೆಂಡತಿ ಮೇಜಿನ ಕೆಳಗೆ ಇನ್ನೊಂದು ಚಪ್ಪಲಿ ಹುಡುಕುತ್ತಿದ್ದರು.

"ಹೋದ ಸಲ ಆ ಡಾಕ್ಟರ ಕಥೆಗೂ ಇದನ್ನೇ ಹೇಳಿದ್ರಿ," ಅಂದರು ಕೆಳಗಿನಿಂದಲೇ. "ಅದರ ಹಿಂದೆ ಆ ವಕೀಲನ ಕಥೆಗೂ. ಕಸುಬು ಇನ್ನೂ ಇದೆ."

"ಅವೆರಡನ್ನೂ ನೀನು ನೋಡ್ಲೇ ಇಲ್ಲವಲ್ಲ."

"ಇಡೀ ದಿನ ಗುರುತಿಲ್ಲದವರ ಮಾತು ಕೇಳಿ ಬರ್ತೀನಿ. ಮನೆಗೆ ಬಂದು ನಿಮ್ಮ ಕಡೆಯ ಗುರುತಿಲ್ಲದವರ ಮಾತೂ ಕೇಳಬೇಕಾ?"

ಚಪ್ಪಲಿ ಸಿಕ್ಕಿತು. ಬಾಗಿಲು ಮುಚ್ಚಿತು. ಪ್ರತಿಜ್ಞೆ ಮೇಜಿನ ಮೇಲೆ ಚಹಾದ ಜೊತೆ ತಣ್ಣಗಾಯಿತು.

ಹೊರದೇಶದ ಧಾರಾವಾಹಿಗಳಿಗೆ ನಮ್ಮ ಭಾಷೆಯಲ್ಲಿ ಮಾತು ಬರೆಯುವುದು ಮೇಷ್ಟ್ರ ಕಸುಬು. ಕೇಳುವುದಕ್ಕೆ ಸುಲಭ, ಮಾಡಿದವರಿಗೆ ಗೊತ್ತು ಕಷ್ಟ. ಪರದೆಯ ಮೇಲಿನ ತುಟಿ ಎಷ್ಟು ಹೊತ್ತು ಅಲ್ಲಾಡುತ್ತದೋ ಅಷ್ಟೇ ಹೊತ್ತಿನ ಮಾತು ಬೇಕು. ಅಲ್ಲಿ ತುಟಿ ಮುಚ್ಚಿದ ಕಡೆ ಇಲ್ಲಿಯ ಮಾತೂ ತುಟಿ ಮುಚ್ಚಿಸಬೇಕು. ಒಂದು ಸೆಕೆಂಡು ಹೆಚ್ಚಾದರೆ ನಾಯಕಿ ಬಾಯಿ ಮುಚ್ಚಿಕೊಂಡು ಮಾತಾಡುತ್ತಾಳೆ, ಕಡಿಮೆಯಾದರೆ ಮೀನಿನ ಹಾಗೆ ಬಾಯಿ ಬಿಡುತ್ತಾಳೆ. ಈ ಅಳತೆಯಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಸ್ಟುಡಿಯೋದವರು ಇಟ್ಟ ಹೆಸರು ತುಟಿ ಮೇಷ್ಟ್ರು. ಇಪ್ಪತ್ತೊಂದು ವರ್ಷದಲ್ಲಿ ಅವರು ಕೊಲೆಗಾರರಿಗೆ, ರಾಜಕುಮಾರಿಯರಿಗೆ, ಒಮ್ಮೆ ಒಂದು ಕುದುರೆಗೂ ಮಾತು ಕೊಟ್ಟಿದ್ದರು. ಎಲ್ಲರೂ ಹೊಗಳಿದ್ದರು, ಕುದುರೆಯ ಮಾತನ್ನಂತೂ ವಿಶೇಷವಾಗಿ. ಹೊಗಳದೇ ಉಳಿದವರು ಒಬ್ಬರೇ. ಊರೆಲ್ಲ ಹೊಗಳಿ ಮನೆಯವಳು ಸುಮ್ಮನಿದ್ದರೆ ಆ ಹೊಗಳಿಕೆ ಉಪ್ಪಿಲ್ಲದ ಊಟ. ಹೆಂಡತಿಯ ಬಾಯಿಂದ ಆ ಒಂದು ಮಾತು ಕೇಳಬೇಕೆಂದು ಮೇಷ್ಟ್ರ ಜೀವ ನಿಜವಾಗಿ ಹಾತೊರೆಯುತ್ತಿತ್ತು. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಹೆಂಡತಿಯದು ಬಟ್ಟೆ ಒಗೆಯುವ ಯಂತ್ರ ಮಾರುವ ಕಂಪನಿಯ ದೂರು ವಿಭಾಗದಲ್ಲಿ ಕೆಲಸ. ದಿನಕ್ಕೆ ಎಂಬತ್ತು ಜನ ಫೋನಿನಲ್ಲಿ ಅವರ ಮೇಲೆ ಹರಿಹಾಯುತ್ತಾರೆ. ಅವರು ಅದನ್ನೆಲ್ಲ ಹತ್ತು ಸೆಕೆಂಡಿನಲ್ಲಿ ಓದಿ ಮುಗಿಸುವಂತೆ ಚಿಕ್ಕದು ಮಾಡಿ ಬರೆದುಕೊಳ್ಳುತ್ತಾರೆ. ಈ ಅಭ್ಯಾಸ ಮನೆಗೂ ಬಂದಿತ್ತು. ಬೇರೆ ಹೆಂಡತಿಯರು ಗಂಟೆಗಟ್ಟಲೆ ಹೇಳುವುದನ್ನು ಇವರು ಮೂರು ವಾಕ್ಯದಲ್ಲಿ ಹೇಳಿ ಒಳಗೆ ಹೋಗುತ್ತಿದ್ದರು. ಮೇಷ್ಟ್ರು "ಹೂಂ" ಅನ್ನುತ್ತಿದ್ದರು.

ಅನ್ನುವುದಕ್ಕೆ ಕಾರಣವೂ ಇತ್ತು. ಅವರ ಕಿವಿ ಮೇಲೆ ಸದಾ ಬನ್ನಿನ ಗಾತ್ರದ ಎರಡು ಬುಗುಟುಗಳಿದ್ದ ಹೆಡ್‌ಫೋನ್. ಅದು ಏರಿತೆಂದರೆ ಮೇಷ್ಟ್ರು ಮನೆಯಲ್ಲಿಲ್ಲ ಎಂದೇ ಹೆಂಡತಿ ಮಗಳು ಇಬ್ಬರೂ ತಿಳಿಯುತ್ತಿದ್ದರು. ಆದರೆ ಅರ್ಧಕ್ಕರ್ಧ ಹೊತ್ತು ಅದರೊಳಗೆ ಏನೂ ಬರುತ್ತಿರಲಿಲ್ಲ. ದೃಶ್ಯ ನಿಲ್ಲಿಸಿ ಯೋಚಿಸುವಾಗಲೂ ಅದು ಕಿವಿ ಮೇಲೇ ಇರುತ್ತಿತ್ತು. ಯೋಚನೆ ಮುಗಿದ ಮೇಲೂ ಇರುತ್ತಿತ್ತು. ಅದು ಕಿವಿ ಮೇಲಿದ್ದರೆ ಗ್ಯಾಸು ತರಬೇಕಾದವರು ಯಾರು ಎಂಬಂಥ ಪ್ರಶ್ನೆಗಳು ತಮ್ಮಷ್ಟಕ್ಕೆ ತಾವೇ ಬಗೆಹರಿಯುತ್ತಿದ್ದವು. ಈ ಗುಟ್ಟು ಅವರಿಗೂ ಹೆಡ್‌ಫೋನಿಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ.

ಇನ್ನು ಆ ಧಾರಾವಾಹಿ. ಕೊರಿಯಾದಿಂದ ಬಂದದ್ದು, ಕೊಲೆ, ಪ್ರೇಮ, ದೆವ್ವ ಮೂರೂ ಉಂಟು ಎಂದು ಸ್ಟುಡಿಯೋದ ನಿರ್ದೇಶಕಿ ಫೋನಿನಲ್ಲಿ ಹೇಳಿದಾಗಲೇ ಮೇಷ್ಟ್ರು ಕುಣಿದಿದ್ದರು. ಗಡಿಯಾರ ರಿಪೇರಿ ಮಾಡುವ ಹುಡುಗಿಯನ್ನು ಯಾರೋ ಲಿಫ್ಟ್ ಓಡಾಡುವ ಹೊಂಡಕ್ಕೆ ತಳ್ಳುತ್ತಾರೆ. ಅವಳು ದೆವ್ವವಾಗುತ್ತಾಳೆ. ಲಿಫ್ಟಿನ ದೀಪ ಮಿಣುಕಿದಾಗ ಮಾತ್ರ ಒಬ್ಬ ಪತ್ತೇದಾರನ ಕಣ್ಣಿಗೆ ಬೀಳುತ್ತಾಳೆ. ಇಬ್ಬರೂ ಸೇರಿ ಕೊಲೆಗಾರನನ್ನು ಹುಡುಕಬೇಕು, ನಡುವೆ ಬಿಡುವು ಮಾಡಿಕೊಂಡು ಪ್ರೀತಿಸಬೇಕು. ಇಷ್ಟು ಸಾಮಾನು ಕೊಟ್ಟರೆ ಯಾರಾದರೂ ಒಂದು ಹದವಾದ ಅಡುಗೆ ಮಾಡಿಯಾರು. ಧಾರಾವಾಹಿ ಮಾಡಿದವರಿಗೆ ಒಲೆ ಹಚ್ಚುವುದೇ ಮರೆತುಹೋಗಿತ್ತು.

ಪತ್ತೇದಾರ ಸುಳಿವು ಹುಡುಕುವುದಿಲ್ಲ, ಕಿಟಕಿಯ ಹೊರಗೆ ನೋಡುತ್ತಾನೆ. ದೆವ್ವ ಹೆದರಿಸುವುದಿಲ್ಲ, ಅವನನ್ನು ನೋಡುತ್ತದೆ. ಹಿಂದೆ ಯಾರೋ ಪಿಯಾನೋದ ಒಂದೇ ಕೀಯನ್ನು ಒತ್ತುತ್ತಾರೆ. ಕೊಲೆಯ ಕಥೆ ಏರಿಗೆ ಎಳೆದರೆ ಪ್ರೇಮದ ಕಥೆ ನೀರಿಗೆ ಎಳೆಯಿತು, ದೆವ್ವ ನಡುವೆ ಸಿಕ್ಕಿಕೊಂಡಿತು. ಆರನೆಯ ಕಂತಿನ ಹೊತ್ತಿಗೆ ಪತ್ತೇದಾರನಿಗೆ ತಾನು ಪತ್ತೇದಾರ ಎಂಬುದೇ ಮರೆತಿತ್ತು. ಕೊನೆಗೆ ಕೊಲೆಗಾರ ಯಾರು ಅಂದರೆ, ಹದಿನೈದನೆಯ ಕಂತಿನವರೆಗೆ ಮುಖ ತೋರಿಸದ ಲಿಫ್ಟ್ ಕಂಪನಿಯ ಒಬ್ಬ ಅಧಿಕಾರಿ. ಅವನೂ ಬೇರೆ ಯಾರನ್ನೋ ತಳ್ಳಲು ಹೋಗಿ ಇವಳನ್ನು ತಳ್ಳಿದ್ದು. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ. ಇಲ್ಲಿ ಬಾಲವೂ ಇರಲಿಲ್ಲ.

"ಅಪ್ಪ, ಇದನ್ನ ಅಲ್ಲಿಯವರೇ ಪೂರ್ತಿ ನೋಡಿಲ್ಲವಂತೆ," ಅಂದಳು ಕಾಲೇಜಿಗೆ ಹೋಗುವ ಮಗಳು. ಕೊರಿಯಾದ ಧಾರಾವಾಹಿಗಳ ವಿಷಯದಲ್ಲಿ ಮನೆಯಲ್ಲಿ ಅವಳ ಮಾತೇ ಕೊನೆ. "ನೀನು ನಡುವೆ ಎರಡು ಕಂತು ಬರೆಯದೇ ಬಿಟ್ಟರೂ ಯಾರಿಗೂ ಗೊತ್ತಾಗಲ್ಲ."

ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು. ಈ ಧಾರಾವಾಹಿಯನ್ನು ತೋರಿಸಿ ಹೆಂಡತಿಯಿಂದ ಹೊಗಳಿಸಿಕೊಳ್ಳುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ.

ಎರಡನೆಯ ಕಂತಿನಲ್ಲಿ ಕಷ್ಟ ಶುರುವಾಯಿತು. ದೆವ್ವ ಮೊದಲ ಸಲ ಪತ್ತೇದಾರನ ಮುಂದೆ ನಿಂತು ಮಾತಾಡುತ್ತದೆ. ಬಾಯಿ ಎಂಟು ಸೆಕೆಂಡು ಅಲ್ಲಾಡುತ್ತದೆ. ಸ್ಟುಡಿಯೋದವರು ಕಳಿಸಿದ ಅನುವಾದದ ಪ್ರತಿಯಲ್ಲಿ ಅದರ ಅರ್ಥ ಬರೆದಿದ್ದು ಒಂದೇ ಪದ: "ಇರಬಹುದು." ಎಂಟು ಸೆಕೆಂಡಿನ ಬಾಯಿಗೆ ಒಂದು ಸೆಕೆಂಡಿನ ಮಾತು. ಉಳಿದ ಏಳು ಸೆಕೆಂಡಿಗೆ ಏನು ತುಂಬಿಸುವುದು? ಮೇಷ್ಟ್ರು ದೃಶ್ಯ ನಿಲ್ಲಿಸಿ, ಎದುರಿನ ಗೋಡೆ ನೋಡುತ್ತ, ತುಟಿ ಮಾತ್ರ ಆಡಿಸುತ್ತ ಕೂತರು. ಅಷ್ಟರಲ್ಲಿ ಅಡುಗೆಮನೆಯ ಸೋರುವ ನಲ್ಲಿಯ ವಿಷಯ ಹೇಳಲು ಬಂದ ಹೆಂಡತಿ ಮೇಜಿನ ಮುಂದೆ ನಿಂತು, ಹೆಡ್‌ಫೋನ್ ದಾಟುವಂತೆ ದನಿ ಏರಿಸಿದರು.

"ರೀ, ನಾನು ನಿಮ್ಮ ಎದುರಿಗೇ ನಿಂತಿದ್ದೀನಿ. ನಿಮ್ಮ ಕಣ್ಣು ನನ್ನ ದಾಟಿಕೊಂಡು ಗೋಡೆ ನೋಡ್ತಿದೆ. ಒಂದು ಸಲ ಈ ಕಡೆ ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಹೂಂ," ಅಂದರು ಮೇಷ್ಟ್ರು.

ಹೆಂಡತಿ ಹೋದರು. ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಹೇಳಿದ್ದನ್ನು ಹಾಗೆ ಹಾಗೇ ಬರೆದು, ದೃಶ್ಯ ಓಡಿಸಿ, ದೆವ್ವದ ಬಾಯಿಗೆ ಹಿಡಿದರು. ಎಂಟು ಸೆಕೆಂಡು. ಅಳತೆ ತೆಗೆದು ಹೊಲಿದ ಹಾಗೆ ಕೂತಿತು. "ಗಂಟೇನು" ಅನ್ನುವಲ್ಲಿ ದೆವ್ವ ಹುಬ್ಬು ಕೂಡ ಏರಿಸಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಮೇಷ್ಟ್ರಿಗೆ ಮದ್ದು ಅಡುಗೆಮನೆಯಲ್ಲೇ ಸಿಕ್ಕಿತು. ನಲ್ಲಿ ಮಾತ್ರ ಸೋರುತ್ತಲೇ ಇತ್ತು.

ಅಲ್ಲಿಂದ ಮುಂದೆ ಹೆಂಡತಿ ಕೆಲಸದಿಂದ ಬರುವುದನ್ನೇ ಅವರು ಕಾಯತೊಡಗಿದರು. ಬೈದರೆ ಖುಷಿ, ಬೈಯದಿದ್ದರೆ ಕೆಲಸ ನಿಂತುಹೋಗುತ್ತಿತ್ತು. ಅಂಥ ದಿನ ಬೇಕೆಂದೇ ಒದ್ದೆ ಟವೆಲನ್ನು ಹಾಸಿಗೆ ಮೇಲೆ ಬಿಸಾಡಿ ಬರುತ್ತಿದ್ದರು. ಎರಡು ದಿನ ಬೇರೆ ಊರಿನ ಸ್ಟುಡಿಯೋಗೆ ಹೋಗಿ ಬಂದಾಗ ಸಿಕ್ಕಿದ್ದು ಇದು: "ನೀವು ಊರಲ್ಲಿ ಇಲ್ಲದಿದ್ದಾಗಲೇ ವಾಸಿ. ಬರ್ತೀರ ಅಂತ ಕಾಯೋದಾದ್ರೂ ಇರುತ್ತೆ. ಬಂದ ಮೇಲೆ ಅದೂ ಇಲ್ಲ." ಇದು ಐದನೆಯ ಕಂತಿಗೆ ಹೋಯಿತು. "ನಾನು ಸತ್ತರೆ ನಿಮಗೆ ಗೊತ್ತಾಗೋದು ಮಾರನೇ ದಿನ ಚಹಾ ಬರದೇ ಇದ್ದಾಗ" ಎಂಬುದು ಏಳನೆಯದಕ್ಕೆ. ದೆವ್ವ ಆಗಲೇ ಸತ್ತಿದ್ದರಿಂದ ಅದನ್ನು ಸ್ವಲ್ಪ ತಿದ್ದಬೇಕಾಯಿತು, ಅಷ್ಟೇ. ಪತ್ತೇದಾರನ ತೊಂದರೆ ಇರಲಿಲ್ಲ. ಅವನು ತುಟಿ ಬಿಚ್ಚುವುದೇ ಅಪರೂಪ, "ಹೂಂ" ಸಾಕಾಗುತ್ತಿತ್ತು. ಅದನ್ನೂ ಮೇಷ್ಟ್ರು ಹೊರಗಿನಿಂದ ತರಬೇಕಾಗಿರಲಿಲ್ಲ.

ಸ್ಟುಡಿಯೋದಲ್ಲಿ ಗಾಜಿನ ಕೋಣೆಯೊಳಗೆ ದೆವ್ವಕ್ಕೆ ಧ್ವನಿ ಕೊಡುವ ಕಲಾವಿದೆ ಐದನೆಯ ಕಂತಿನ ಮಾತು ಓದಿ ಮುಗಿಸಿದಾಗ ಸದ್ದು ಹಿಡಿಯುವವನು ಗುಂಡಿ ಒತ್ತುವುದನ್ನು ಮರೆತು ಕೂತಿದ್ದ.

"ಮೂಲದಲ್ಲಿ ಇದು ಇದೆಯಾ ಮೇಷ್ಟ್ರೇ?" ಅಂತ ನಿರ್ದೇಶಕಿ ಕೇಳಿದರು.

"ಮೂಲದ ಆಳದಲ್ಲಿದೆ," ಅಂದರು ಮೇಷ್ಟ್ರು.

ಕಲಾವಿದೆ ಹೊರಗೆ ಬಂದು ಕಣ್ಣು ಒರೆಸಿಕೊಂಡರು. "ನಿಮ್ಮ ಮನೆಯವರು ಪುಣ್ಯ ಮಾಡಿದ್ದಾರೆ ಸರ್. ಹೆಂಗಸಿನ ಮನಸ್ಸು ಇಷ್ಟು ಅರ್ಥ ಆಗೋ ಗಂಡಸು ಎಲ್ಲಿ ಸಿಗ್ತಾರೆ ಹೇಳಿ."

ಮೇಷ್ಟ್ರು ವಿನಯದಿಂದ ತಲೆ ತಗ್ಗಿಸಿದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಇದೇ ಭಂಗಿಯಲ್ಲಿ.

ಹನ್ನೆರಡನೆಯ ಕಂತಿಗೆ ಬಂದಾಗ ಮಾತ್ರ ಮದ್ದು ಮುಗಿಯಿತು. ಇಡೀ ಧಾರಾವಾಹಿಯಲ್ಲಿ ಪ್ರೇಮ ಎಂಬುದು ನಡೆಯುವುದು ಅಲ್ಲೊಂದೇ ಕಡೆ. ದೆವ್ವ ಕೈ ಚಾಚುತ್ತದೆ, ಪತ್ತೇದಾರ ಹಿಡಿಯಲು ಹೋಗುತ್ತಾನೆ, ಕೈ ಗಾಳಿಯಲ್ಲಿ ತೂರಿಹೋಗುತ್ತದೆ. ಅದನ್ನೇ ನಿಧಾನವಾಗಿ ನಾಲ್ಕು ಸಲ ತೋರಿಸುತ್ತಾರೆ. ಆಮೇಲೆ ದೆವ್ವದ ಬಾಯಿ ಹನ್ನೊಂದು ಸೆಕೆಂಡು. ಪ್ರತಿಯಲ್ಲಿ ಬರೆದಿದ್ದು: "ಅಯ್ಯೋ." ಮೇಷ್ಟ್ರು ಎರಡು ದಿನ ಕಾದರು. ಹೆಂಡತಿ ಬೈಯಲೇ ಇಲ್ಲ. ಟವೆಲನ್ನು ಬಿಸಾಡಿ ನೋಡಿದರು, ಮಗಳು ಎತ್ತಿಟ್ಟಳು. ಮೂರನೆಯ ದಿನ ಅವರಿಗೆ ಹಳೆಯದೊಂದು ನೆನಪಾಯಿತು. ನೆನಪಾಯಿತು ಅನ್ನುವುದೂ ಸುಳ್ಳು, ಅದನ್ನು ಅವರು ಎಂದೂ ಮರೆತಿರಲಿಲ್ಲ.

ಆರು ವರ್ಷದ ಹಿಂದೆ ಹೆಂಡತಿಯ ತಂದೆ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಇಬ್ಬರೂ ವಾರ್ಡಿನ ಬಾಗಿಲಲ್ಲೇ ಇದ್ದರು. ಅದಾದ ತಿಂಗಳಿಗೆ ಒಂದು ಮಧ್ಯಾಹ್ನ ಹೆಂಡತಿ ಇದೇ ಕೋಣೆಯಲ್ಲಿ, ನೆಲದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು. ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು ಮೇಜಿನ ಮುಂದೆ, ಅವರಿಗೆ ಬೆನ್ನು ಮಾಡಿ ಕೂತಿದ್ದರು. ಹೆಂಡತಿ ಒಂದು ಸಲ ಅವರ ಕಿವಿ ಕಡೆ ನೋಡಿದ್ದು ಪರದೆಯ ಕಪ್ಪು ಗಾಜಿನಲ್ಲಿ ಕಾಣಿಸಿತು. ಆಮೇಲೆ ಕೈಯಲ್ಲಿದ್ದ ಅಂಗಿಗೆ ಹೇಳುವ ಹಾಗೆ, ಉಸಿರಿನಷ್ಟು ಸಣ್ಣ ದನಿಯಲ್ಲಿ ಅವರು ಹೇಳಿದ್ದರು:

"ಅವತ್ತು ಬಾಗಿಲ ಹತ್ತಿರ ನಿಮ್ಮ ಕಡೆ ಕೈ ಚಾಚಿದೆ. ಹಿಡ್ಕೋತೀರ ಅಂತ. ನೀವು ಫೋನಲ್ಲಿ ಮಾತಾಡ್ತಾ, ನನ್ನ ಕೈಲಿದ್ದ ಚೀಲ ತಗೊಂಡ್ರಿ."

ಹೆಡ್‌ಫೋನಿನಲ್ಲಿ ಆಗ ಏನೂ ಬರುತ್ತಿರಲಿಲ್ಲ. ತಿರುಗಿದರೆ ಉತ್ತರ ಕೊಡಬೇಕು. ಏನಂತ ಕೊಡುವುದು? ಮೇಷ್ಟ್ರು ಅಲುಗದೆ ಕೂತರು. ಹೆಂಡತಿ ಅಂಗಿ ಮಡಚಿ, ಬಟ್ಟೆಯ ಗುಪ್ಪೆ ಎತ್ತಿಕೊಂಡು ಒಳಗೆ ಹೋದರು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಅದು ಹನ್ನೊಂದು ಸೆಕೆಂಡಿಗೆ ಸರಿಹೊಂದುತ್ತದೋ ಇಲ್ಲವೋ ಎಂದು ನೋಡುವುದಕ್ಕಷ್ಟೇ ಬರೆದೆ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಹೊಂದಿತು. ಅಳಿಸೋಣ ಅಂದುಕೊಂಡರು. ಇದಕ್ಕಿಂತ ಒಳ್ಳೆಯ ಮಾತು ತನ್ನ ಲೇಖನಿಯಿಂದ ಬಂದಿಲ್ಲ ಅನ್ನಿಸಿತು. ತನ್ನ ಲೇಖನಿಯಿಂದ ಬಂದದ್ದೇ ಅಲ್ಲ ಅಂತಲೂ ಅನ್ನಿಸಿತು, ಆದರೆ ಅದು ಅಷ್ಟು ಜೋರಾಗಿ ಅನ್ನಿಸಲಿಲ್ಲ. ಹೇಗೂ ಅವಳು ನೋಡುವುದಿಲ್ಲವಲ್ಲ ಎಂದು ಕಳಿಸಿಬಿಟ್ಟರು. ಅವಳು ನೋಡಲಿ ಎಂದು ಪ್ರತಿಜ್ಞೆ ಮಾಡಿದವರೂ ಇವರೇ.

ಧಾರಾವಾಹಿ ಬಂತು. ಪೇಪರಿನವರು ಉಗಿದರು. ಕೊಲೆಯಲ್ಲಿ ಜೀವವಿಲ್ಲ, ಪ್ರೇಮವಂತೂ ಹುಟ್ಟುವ ಮೊದಲೇ ಸತ್ತಿದೆ ಎಂದು ಒಬ್ಬರು ಬರೆದರು. ಆದರೆ ದೆವ್ವದ ಮಾತನ್ನು ಮಾತ್ರ ಜನ ಹಿಡಿದುಕೊಂಡರು. ಬಸ್ಸಿನಲ್ಲಿ, ಸಲೂನಿನಲ್ಲಿ, ಫೋನಿಂದ ಫೋನಿಗೆ ದೆವ್ವ ಓಡಾಡಿತು. ಕೊನೆಗೆ ದೂರು ವಿಭಾಗಕ್ಕೂ ಬಂತು.

"ನಮ್ಮ ಆಫೀಸಲ್ಲಿ ಪಕ್ಕದ ಸೀಟಿನವಳು ಹೇಳ್ತಿದ್ಳು," ಅಂದರು ಹೆಂಡತಿ ಒಂದು ಶುಕ್ರವಾರ. "ಅಕ್ಕಾ, ಆ ದೆವ್ವ ಥೇಟ್ ನಿಮ್ಮ ಹಾಗೇ ಮಾತಾಡುತ್ತೆ ಅಂತ. ನಾಳೆ ನಾಡಿದ್ದು ರಜ ಇದೆ. ಕೂತು ನೋಡೇಬಿಡೋಣ."

ಇಪ್ಪತ್ತೊಂದು ವರ್ಷ ಕಾದ ಗಳಿಗೆ. ಮೇಷ್ಟ್ರಿಗೆ ಸಂತೋಷದಿಂದ ಬೆವರು ಬಂತು. ಬೆವರು ಬಂದದ್ದು ನಿಜ, ಸಂತೋಷದಿಂದಲೇ ಎಂದು ಹೇಳಲು ಬರುವುದಿಲ್ಲ.

ಶನಿವಾರ ಆರು ಕಂತು ನೋಡಿದರು. ಹೆಂಡತಿಗೆ ಸಿಟ್ಟು ಬರಲಿಲ್ಲ. ಗೋಡೆಯ ಮಾತು ಬಂದಾಗ ಸೋಫಾದಿಂದ ಅರ್ಧ ಎದ್ದು ನಿಂತರು. "ಇದು ನಂದು. ನಲ್ಲಿ ವಿಷಯಕ್ಕೆ ಹೇಳಿದ್ದು." ಆಮೇಲೆ ನಗತೊಡಗಿದರು. ಮಗಳು ಬೆರಳು ಮಡಚುತ್ತ ಕೂತಳು. "ಅಮ್ಮಾ, ಇದೂ ನಿಂದೇ. ಇದು ಟವೆಲ್ಲಿಂದು." ನಕ್ಕು ನಕ್ಕು ಹೆಂಡತಿಯ ಕಣ್ಣಲ್ಲಿ ನೀರು ಬಂತು.

"ನಿಮ್ಮ ಕಿವಿ ಮೇಲಿನ ಆ ಬನ್ನು ದಾಟಿ ಇಷ್ಟಾದ್ರೂ ಒಳಗೆ ಹೋಗಿದೆಯಲ್ಲ," ಅಂದರು. "ಕೂಗಿ ಕೂಗಿ ಹೇಳಿದ್ದಕ್ಕೂ ಸಾರ್ಥಕ ಆಯ್ತು."

ಆ ಸಂಜೆ ಹೆಂಡತಿ ಮೇಷ್ಟ್ರ ಪಕ್ಕದಲ್ಲಿ, ಭುಜ ತಾಗುವಷ್ಟು ಹತ್ತಿರ ಕೂತಿದ್ದರು. ಎಷ್ಟು ವರ್ಷವಾಗಿತ್ತೋ. ಆ ಹೊಗಳಿಕೆಯ ಮಾತು ಇನ್ನೇನು ನಾಲಿಗೆಯ ತುದಿಯಲ್ಲಿದೆ ಎಂದು ಮೇಷ್ಟ್ರಿಗೆ ಗೊತ್ತಾಯಿತು. ಹನ್ನೆರಡನೆಯ ಕಂತಿನ ಮೊದಲು ಅದು ಹೊರಬಿದ್ದರೆ ಸಾಕು ಎಂದು ಕೂತರು.

ಬೀಳಲಿಲ್ಲ. ಭಾನುವಾರ ಮಧ್ಯಾಹ್ನಕ್ಕೆ ಹನ್ನೊಂದು ಮುಗಿಯಿತು.

"ಹನ್ನೆರಡನೇದು ಬಿಡು, ಬರೀ ಹಳೇ ದೃಶ್ಯಗಳನ್ನೇ ಜೋಡಿಸಿದ್ದಾರೆ. ಹದಿಮೂರಕ್ಕೆ ಹೋಗೋಣ," ಅಂದರು ಮೇಷ್ಟ್ರು.

"ಇಷ್ಟು ನೋಡಿದ್ದೀವಿ, ಅದೊಂದು ಯಾಕೆ ಬಿಡೋದು?"

ಮೇಷ್ಟ್ರು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ ಇಂಟರ್ನೆಟ್ಟಿನ ಪ್ಲಗ್ ಕಿತ್ತರು. ಪರದೆಯಲ್ಲಿ ಚಕ್ರ ತಿರುಗತೊಡಗಿತು.

"ಅವರ ಕಡೆಯೇ ಏನೋ ಕೆಟ್ಟಿದೆ. ಇವತ್ತು ಬರಲ್ಲ."

ಹೆಂಡತಿ ಆಫೀಸಿನ ದನಿಯಲ್ಲಿ ಹೇಳಿದರು: "ಪ್ಲಗ್ ಸರಿಯಾಗಿ ಕೂತಿದೆಯಾ ನೋಡಿ. ನೂರಕ್ಕೆ ಎಂಬತ್ತು ದೂರು ಅಲ್ಲೇ ಮುಗಿಯುತ್ತೆ." ಎದ್ದು ಹೋಗಿ ತಾವೇ ಹಾಕಿ ಬಂದರು. ಅಷ್ಟರೊಳಗೆ ರಿಮೋಟ್ ಸತ್ತಿತ್ತು.

"ಬ್ಯಾಟರಿ ಮುಗಿದಿರಬೇಕು. ಅಂಗಡಿ ಬೇರೆ ಮುಚ್ಚಿರುತ್ತೆ," ಎನ್ನುತ್ತ ಮೇಷ್ಟ್ರು ಕೆಳಗೆ ಬಿದ್ದ ದಿಂಬು ಎತ್ತಲು ಬಗ್ಗಿದರು.

"ಅಪ್ಪ, ನಿನ್ನ ಜೇಬಿಂದ ಏನೋ ಬಿತ್ತು," ಅಂದಳು ಮಗಳು. ನೆಲದ ಮೇಲೆ ಎರಡು ಬ್ಯಾಟರಿ ಉರುಳಿಕೊಂಡು ಹೋಗಿ ಹೆಂಡತಿಯ ಕಾಲ ಬಳಿ ನಿಂತವು.

ಹೆಂಡತಿ ಅವನ್ನು ಎತ್ತಿಕೊಂಡರು, ಗಂಡನ ಮುಖ ನೋಡಿದರು, ರಿಮೋಟಿಗೆ ಹಾಕಿದರು. ಈಗ ಅವರು ನಗುತ್ತಿರಲಿಲ್ಲ.

ದೆವ್ವ ಕೈ ಚಾಚಿತು. ಕೈ ಗಾಳಿಯಲ್ಲಿ ತೂರಿತು, ನಾಲ್ಕು ಸಲ. ಆಮೇಲೆ ಬಾಯಿ ತೆರೆದು ಹನ್ನೊಂದು ಸೆಕೆಂಡು ಮಾತಾಡಿತು. ಕಲಾವಿದೆ ಅದನ್ನು ಓದಿದ್ದೂ ಹಾಗೇ, ಉಸಿರಿನಷ್ಟು ಸಣ್ಣ ದನಿಯಲ್ಲಿ.

"ತಪ್ಪು," ಅಂದಳು ಮಗಳು. "ದೆವ್ವದ ಕೈಯಲ್ಲಿ ಚೀಲ ಎಲ್ಲಿತ್ತು? ಒಂದು ಕಂತಲ್ಲೂ ಚೀಲ ಇಲ್ಲ."

ಹೆಂಡತಿ ರಿಮೋಟ್ ಒತ್ತಿ ದೃಶ್ಯ ನಿಲ್ಲಿಸಿದರು.

"ಅವತ್ತು ನಿಮ್ಮ ಕಿವಿ ಮೇಲೆ ಅದಿತ್ತಲ್ಲ?"

ಯಾವತ್ತು ಎಂದು ಮೇಷ್ಟ್ರು ಕೇಳಬಹುದಿತ್ತು. "ಇತ್ತು," ಅಂದರು.

"ಒಳಗೆ ಏನು ಬರ್ತಿತ್ತು?"

ಇಪ್ಪತ್ತೊಂದು ವರ್ಷ ಸಿಕ್ಕಸಿಕ್ಕ ಬಾಯಿಗೆಲ್ಲ ಮಾತು ತುಂಬಿಸಿದವರಿಗೆ ತಮ್ಮ ಬಾಯಿಗೆ ಒಂದು ಸುಳ್ಳೂ ಸಿಗಲಿಲ್ಲ. "ಏನೂ ಬರ್ತಿರಲಿಲ್ಲ," ಅಂದರು.

ಮಗಳು ಒಬ್ಬರ ಮುಖ ಆದ ಮೇಲೆ ಇನ್ನೊಬ್ಬರ ಮುಖ ನೋಡಿದಳು. ಹೆಂಡತಿ ಸೋಫಾದ ಮೇಲೆ ಒಂದು ಗೇಣು ಆಚೆ ಸರಿದು ಕೂತರು. ಕೂಗಲಿಲ್ಲ, ಅಳಲೂ ಇಲ್ಲ. ಫೋನಿನಲ್ಲಿ ದೂರು ಬರೆದುಕೊಳ್ಳುವಾಗಿನ ಅದೇ ಸಮಾಧಾನದ ದನಿ.

"ಚೆನ್ನಾಗಿ ಬರೆದಿದ್ದೀರಿ," ಅಂದರು. "ಒಂದಕ್ಷರ ಬಿಟ್ಟಿಲ್ಲ. ಪಾಪ, ಅವರಿಗೆ ಕೇಳಿಸಲ್ಲ, ಕೇಳಿಸಿದ್ರೆ ತಿರುಗಿ ನೋಡ್ತಿದ್ರು ಅಂತ ಆರು ವರ್ಷ ನನಗೆ ನಾನೇ ಹೇಳ್ಕೊಂಡು ಬಂದೆ. ನಿಮ್ಮ ಜೊತೆ ಬಾಳೋದಕ್ಕೆ ಅದೊಂದು ಸಾಕಾಗಿತ್ತು ನನಗೆ."

ಮೇಷ್ಟ್ರು ಬಾಯಿ ತೆರೆದರು. ಅದು ಎಷ್ಟು ಹೊತ್ತು ಹಾಗೇ ತೆರೆದಿತ್ತೋ, ಮಾತು ಬರಲಿಲ್ಲ.

ಹೆಂಡತಿ ರಿಮೋಟನ್ನು ಮಗಳ ಕೈಗೆ ಕೊಟ್ಟರು.

"ಇನ್ನೂ ನಾಲ್ಕು ಕಂತಿದೆ ಅಲ್ವಾ? ಹಾಕು. ನಿಮ್ಮಪ್ಪನಿಗೆ ಇನ್ನೇನೇನು ಕೇಳಿಸಿದೆಯೋ ನೋಡೋಣ."